ಬೊಕ್ಕಸದ ಲೆಕ್ಕ, ಮಂದಿಯ ಲೆಕ್ಕ

ಧಾತು ಸಂವತ್ಸರದ ಬರದ ಗಾಯ ಇನ್ನೂ ಮಾಯ್ದಿರಲಿಲ್ಲ. 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಕಮಿಷನರುಗಳ ಆಳ್ವಿಕೆ ಮುಗಿದು, ಮೈಸೂರು ರಾಜ್ಯ ಚಾಮರಾಜೇಂದ್ರ ಒಡೆಯರ ಕೈ ಸೇರಿತು. ರಾಜ್ಯದ ಬೆನ್ನಿಗೇ 80 ಲಕ್ಷ ರೂಪಾಯಿಯ ಸಾಲವೂ ಬಂತು. ಒಂದು ಕೋಟಿಯ ಆಸುಪಾಸಿನ ಹುಟ್ಟುವಳಿಯಲ್ಲಿ ಇಂಗ್ಲಿಷರಿಗೆ ಸಲ್ಲಬೇಕಾದ ಪೊಗದಿ 24.5 ಲಕ್ಷ, ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಬೇರೆ. ಸಂಸ್ಥಾನ ಅಂಗಲಾಚಿ ಆ ಏರಿಕೆಯನ್ನು 1896ರವರೆಗೆ ಮುಂದೂಡಿಸಿಕೊಂಡಿತು.

ರಾಜ್ಯ ಬಂತು, ಬೆಂಗಳೂರಿನ ದಂಡು, ಎಂದರೆ ಕಂಟೋನ್ಮೆಂಟು, ಬರಲಿಲ್ಲ. 1809ರಿಂದ ಇಂಗ್ಲಿಷ್ ಪಡೆ ಬೀಡುಬಿಟ್ಟಿದ್ದ ನೆಲವನ್ನು ಮಹಾರಾಜರಿಂದ ‘ಒಪ್ಪಿಸಿದ ಪ್ರದೇಶ’ವೆಂದು ಬರೆಸಿಕೊಂಡು ಇಂಗ್ಲಿಷ್ ಸರ್ಕಾರದ ಪ್ರತಿನಿಧಿ ರೆಸಿಡೆಂಟರೇ ಆಳತೊಡಗಿದರು. ಕಬ್ಬನ್ ಪಾರ್ಕಿನ ಆಚೆ ಒಂದು ಸರ್ಕಾರ, ಈಚೆ ಇನ್ನೊಂದು. ಮದರಾಸು ರಸ್ತೆಯಲ್ಲಿ ಗಾಡಿ ಹೂಡಿಕೊಂಡು ಬರುವ ಕೆ.ಆರ್. ಪುರದ ರೈತ ಮನೆ ಬಿಡುವಾಗ ಒಡೆಯರ ಪ್ರಜೆ. ಹಲಸೂರು ಮುಟ್ಟುವ ಹೊತ್ತಿಗೆ ಅವನ ಮೇಲೆ ಬೇರೆ ಪೊಲೀಸು, ಬೇರೆ ಕೋರ್ಟು, ಬೇರೆ ಮುನಿಸಿಪಾಲಿಟಿ. ಹಲಸೂರಿನ ಸೋಮೇಶ್ವರ ಮಾತ್ರ ಈ ಎರಡು ಸರ್ಕಾರಗಳಿಗಿಂತಲೂ ಹಳಬ. 1901ರ ಜನಗಣತಿಯಲ್ಲಿ ಒಡೆಯರ ಆಳ್ವಿಕೆಯ ಪೇಟೆಯ ಕಡೆ 69,447 ಮಂದಿ, ದಂಡಿನ ಕಡೆ 89,599. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಅಲ್ಲಿ ಬೀದಿಬೀದಿಗೂ ಕೇಳುತ್ತಿದ್ದವು. ಕನ್ನಡ ಕಿವಿಗೊಟ್ಟು ಹುಡುಕಬೇಕಾದ ಭಾಷೆ.

ಅದೇ 1881ರ ಅಕ್ಟೋಬರಿನಲ್ಲಿ, ದಸರೆಯ ಹೊತ್ತಿಗೆ, ದಿವಾನ್ ರಂಗಾಚಾರ್ಲು 144 ಮಂದಿ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಕೂರಿಸಿದರು. ಅದೇ ಪ್ರಜಾಪ್ರತಿನಿಧಿ ಸಭೆ. ಅಲ್ಲಿ ನಡೆದದ್ದನ್ನು ಕೊಂಚ ಹತ್ತಿರದಿಂದ ನೋಡಬೇಕು. ಬರದಲ್ಲಿ ಮಾಡಿದ ಸಾಲವೆಷ್ಟು, ರೈಲಿಗೆ ಎಷ್ಟು ಹೋಯಿತು, ಕಂದಾಯ ಎಷ್ಟು ಬಂತು ಎಂದು ದಿವಾನರು ನಿಂತು ಒಪ್ಪಿಸಿದರು. ಪಂಚೆ–ಪೇಟದ ಪ್ರತಿನಿಧಿಗಳು ಕೂತು ಕೇಳಿದರು. ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. ತಮ್ಮ ತಾಲ್ಲೂಕಿನ ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಆದರೂ ಆಳುವವನು ಆಳಿಸಿಕೊಳ್ಳುವವನ ಮುಂದೆ ಲೆಕ್ಕ ಓದುವ ರೂಢಿ ಅಂದು ಬಿತ್ತು, ಮತ್ತೆ ಕೀಳಲಾಗಲಿಲ್ಲ. ದಂಡಿನಲ್ಲಿ ಇಂಥ ಸಭೆಯೇ ಇರಲಿಲ್ಲ.

ಲೆಕ್ಕ ಕೇಳುವ ಬಾಯಿ ಮುಂದಿನ ಪ್ರಶ್ನೆಯನ್ನೂ ಕೇಳುತ್ತದೆ: ಇದೆಲ್ಲ ಯಾರ ಪಾಲಿಗೆ ಬಂತು? ಮೊದಲು ಈ ಪ್ರಶ್ನೆ ಎದ್ದದ್ದು ಜಾತಿಯ ಹೆಸರಿನಲ್ಲಲ್ಲ, ಊರಿನ ಹೆಸರಿನಲ್ಲಿ. ರಂಗಾಚಾರ್ಲು ಮದರಾಸಿನ ಕಡೆಯವರು. 1883ರಿಂದ 1901ರವರೆಗೆ ದಿವಾನಗಿರಿ ಮಾಡಿದ ಶೇಷಾದ್ರಿ ಅಯ್ಯರ್ ಕೂಡ ಹೊರಗಿನಿಂದ ಬಂದವರು. ಅಯ್ಯರ್ ಕಾಲದಲ್ಲಿ ಹೆಸರಘಟ್ಟದ ನೀರು ಬೆಂಗಳೂರಿಗೆ ಹರಿಯಿತು, ಮಾರಿಕಣಿವೆಗೆ ಅಣೆಕಟ್ಟು ಬಿತ್ತು, ಶಿವನಸಮುದ್ರದ ವಿದ್ಯುತ್ತಿಗೆ ಅಡಿಪಾಯವಾಯಿತು. ಆದರೆ ಕಚೇರಿಗಳ ಮೇಲಿನ ಕುರ್ಚಿಗಳಲ್ಲಿ ಮದರಾಸಿನವರೇ ತುಂಬಿದ್ದಾರೆ, ಮೈಸೂರು ಮೈಸೂರಿನವರಿಗೆ ಬೇಕು ಎಂಬ ಕೂಗು ಅಣೆಕಟ್ಟಿನ ಜೊತೆಜೊತೆಗೇ ಎದ್ದಿತು. ಕೂಗಿದವರಲ್ಲಿ ಬಹುಮಂದಿ ಓದಿದ ಮೈಸೂರು ಬ್ರಾಹ್ಮಣರು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

1912ರಲ್ಲಿ ದಿವಾನರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಆರು ವರ್ಷಗಳ ಸಾಧನೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಗಂಧದೆಣ್ಣೆ, ಸೋಪು, ಕನ್ನಂಬಾಡಿ ಕಟ್ಟೆ ಎಂದರೆ ಸಾಕು. ಅದೇ ವರ್ಷಗಳಲ್ಲಿ ಇನ್ನೊಂದು ಕಟ್ಟಡವೂ ಏಳುತ್ತಿತ್ತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತ್ತು. ಲಿಂಗಾಯತರೂ ಮುಸ್ಲಿಮರೂ ತಮ್ಮ ತಮ್ಮ ಸಂಸ್ಥೆಗಳನ್ನು ಕಟ್ಟಿಕೊಂಡಿದ್ದರು. 1917ರಲ್ಲಿ ಈ ಎಳೆಗಳೆಲ್ಲ ಸೇರಿ ಪ್ರಜಾಮಿತ್ರ ಮಂಡಳಿಯಾಯಿತು. ಸಿ.ಆರ್. ರೆಡ್ಡಿಯವರ ಪ್ರೇರಣೆ ಅದರ ಹಿಂದಿತ್ತು. ಬಸವಯ್ಯ, ಚನ್ನಯ್ಯ, ಗುಲಾಂ ಅಹಮದ್ ಕಲಾಮಿ ಮುಂದಾಳುಗಳು. ಮಹಾರಾಜರ ಮುಂದೆ ಅವರು ಇಟ್ಟ ಅಹವಾಲು ನೇರವಾಗಿತ್ತು: ಸರ್ಕಾರಿ ಹುದ್ದೆಗಳು ಒಂದೇ ಜಾತಿಯ ಕೈಯಲ್ಲಿವೆ, ಉಳಿದವರಿಗೂ ಪಾಲು ಸಿಗಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕೆಂದು ನಂಬಿದ್ದ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಅವರು ಅಧಿಕಾರ ಬಿಟ್ಟು ಹೋದರು. ಮರುವರ್ಷ ಬಂದ ವರದಿ ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ದೊರೆಯಬೇಕೆಂದಿತು. 1921ರಲ್ಲಿ ಸರ್ಕಾರಿ ಆಜ್ಞೆಯೂ ಹೊರಟಿತು.

ಅಂದಿನಿಂದ ಇಂದಿನವರೆಗೆ ಒಂದು ಮಾತು ಓಡಾಡುತ್ತಿದೆ: ಮೈಸೂರು ಆರ್ಥಿಕವಾಗಿ ಮೇಲೇರುತ್ತಿದ್ದಾಗ ಜಾತಿ ರಾಜಕೀಯ ಅದರ ಕಾಲು ಎಳೆಯಿತು ಎಂದು. ನನಗೆ ಹಾಗೆ ಕಾಣುವುದಿಲ್ಲ. ರೈಲು, ವಿದ್ಯುತ್ತು, ಕಬ್ಬಿಣ ಎಲ್ಲವೂ ಸರ್ಕಾರದ ಕೈಯಲ್ಲಿದ್ದ ಸಂಸ್ಥಾನದಲ್ಲಿ ಅಮಲ್ದಾರನ ಕುರ್ಚಿ ಯಾರದು, ಗುಮಾಸ್ತನ ಮೇಜು ಯಾರದು ಎಂದು ಕೇಳುವುದೇ ಅರ್ಥಶಾಸ್ತ್ರ. ಮೈಸೂರು ಮೈಸೂರಿನವರಿಗೆ ಎಂದು ಹಿಂದೆ ಕೂಗಿದವರು ಅದನ್ನು ಬಲ್ಲವರಾಗಿದ್ದರು; ಒಕ್ಕಲಿಗರೂ ಲಿಂಗಾಯತರೂ ಕೇಳಿದಾಗ ಮಾತ್ರ ಅದು ‘ಜಾತಿ’ಯಾಯಿತು. ಇನ್ನೊಂದು ಕಡೆಯನ್ನೂ ಹೇಳದೆ ಬಿಡಬಾರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸುವ ಹೊತ್ತಿಗೆ ಯುದ್ಧಕಾಲದ ಕಬ್ಬಿಣದ ಬೆಲೆ ಕುಸಿದಿತ್ತು, ನಷ್ಟದ ಮೇಲೆ ನಷ್ಟ ಬಂತು. ಆ ನಷ್ಟ ವಿಶ್ವೇಶ್ವರಯ್ಯನವರ ವಿರೋಧಿಗಳಿಗೆ ಹಬ್ಬವಾಯಿತು. ಅದರ ಕಾರಣವನ್ನು ಪೇಟೆಯ ಧಾರಣೆಯಲ್ಲಿ ಹುಡುಕಿದವರು ಕಡಿಮೆ, ಕಟ್ಟಿದವರ ಕುಲದಲ್ಲಿ ಹುಡುಕಿದವರೂ ಇದ್ದರು.

ಈ ಗದ್ದಲವೆಲ್ಲ ನಡೆಯುವಾಗ ದಂಡು ಬೇರೆ ಲೋಕ. 1927ರಲ್ಲಿ ರಸೆಲ್ ಮಾರ್ಕೆಟ್ ಎದ್ದು ನಿಂತಿತು. ಫ್ರೇಜರ್ ಟೌನಿನ ನೇರ ಬೀದಿಗಳಲ್ಲಿ ಹೆಂಚಿನ ಬಂಗಲೆಗಳು ಸಾಲುಗಟ್ಟಿದವು. ಮೊದಲಿಯಾರ್ ಗುತ್ತಿಗೆದಾರರೂ ಕಚ್ಛೀ ಮೇಮನ್ ಸೇಠರೂ ಶಾಲೆ, ಛತ್ರ, ಆಸ್ಪತ್ರೆ ಕಟ್ಟಿಸಿದರು. ನೀರು ಮೈಸೂರು ಸರ್ಕಾರದ್ದು, ದೀಪ ಮೈಸೂರು ಸರ್ಕಾರದ್ದು, ತೆರಿಗೆ ರೆಸಿಡೆಂಟರಿಗೆ. ಖರ್ಚು ಕಳೆದು ಉಳಿದ ಹಣ ಯಾರಿಗೆ ಸೇರಬೇಕೆಂಬುದು ಮೈಸೂರಿಗೂ ಭಾರತ ಸರ್ಕಾರಕ್ಕೂ ದಶಕಗಳ ಜಗಳ. ಕುತೂಹಲದ ವಿಷಯವೆಂದರೆ ಆ ಹಣ ಕಟ್ಟಿದ ಹಲಸೂರಿನ ಅಂಗಡಿಯವನನ್ನು ಎರಡು ಪಕ್ಷದವರೂ ಕೇಳಲಿಲ್ಲ.

ಆ ದಂಡಿನಿಂದಲೇ ಒಬ್ಬರು ಮೈಸೂರಿನ ಗದ್ದಲದ ನಡುವೆ ಬಂದು ನಿಂತರು. ಇರಾನಿನಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡಿ ನೆಲೆನಿಂತ ಅಲಿ ಅಸ್ಕರ್ ಅವರ ಮೊಮ್ಮಗ, ನಾಲ್ವಡಿಯವರ ಸಹಪಾಠಿ ಮಿರ್ಜಾ ಇಸ್ಮಾಯಿಲ್ 1926ರಲ್ಲಿ ದಿವಾನರಾದರು. ಎರಡು ವರ್ಷ ತುಂಬುವಷ್ಟರಲ್ಲಿ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಗಣಪತಿ ವಿಗ್ರಹದ ವಿವಾದ ಎದ್ದಿತು. ವಿದ್ಯಾರ್ಥಿಗಳ ಮೆರವಣಿಗೆ, ಬಂಧನಗಳು, 1928ರ ಜುಲೈಯಲ್ಲಿ ಹಿಂದೂ–ಮುಸ್ಲಿಮರ ಹೊಡೆದಾಟ. ದಿವಾನರು ಮುಸ್ಲಿಮರೆಂಬ ಒಂದೇ ಕಾರಣಕ್ಕೆ ಪತ್ರಿಕೆಗಳಲ್ಲಿ ಸಂಶಯದ ಹೊಗೆ ಎದ್ದಿತು. ವಿಚಾರಣಾ ಸಮಿತಿಯ ಅಧ್ಯಕ್ಷತೆಗೆ ಸರ್ಕಾರ ಕರೆದದ್ದು, ಹತ್ತು ವರ್ಷ ಹಿಂದೆ ಬೇಸತ್ತು ಹೊರನಡೆದಿದ್ದ ವಿಶ್ವೇಶ್ವರಯ್ಯನವರನ್ನೇ. ಗಣಪತಿಯ ವಿಚಾರಣೆಗೆ ಕೂತ ಸಮಿತಿ ಜನರಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರದ ಮಾತನ್ನೂ ಎತ್ತಿತು. ಪೊಗದಿಯ ಹೊರೆಯಲ್ಲಿ 10.5 ಲಕ್ಷ ಇಳಿದದ್ದೂ ಅದೇ 1928ರಿಂದಲೇ. ಅರ್ಧ ಶತಮಾನ ಬೇಡಿ ಪಡೆದ ಗೆಲುವು ಅದು. ವಿಗ್ರಹದ ಗದ್ದಲದಲ್ಲಿ ಅದನ್ನು ಕೊಂಡಾಡಲು ಯಾರಿಗೂ ಪುರಸೊತ್ತಿರಲಿಲ್ಲ.

ಮಿರ್ಜಾ ಹದಿನೈದು ವರ್ಷ ಆಳಿದರು. ಮಂಡ್ಯದ ಸಕ್ಕರೆ 1933ರಲ್ಲಿ, ಭದ್ರಾವತಿಯ ಕಾಗದ ಮತ್ತು ಬೆಂಗಳೂರಿನ ಮೈಸೂರು ಲ್ಯಾಂಪ್ಸ್ 1936ರಲ್ಲಿ, ಪಿಂಗಾಣಿ ಕಾರ್ಖಾನೆ, ಚನ್ನಪಟ್ಟಣದ ರೇಷ್ಮೆ ಗಿರಣಿ, ತಿಪ್ಪಗೊಂಡನಹಳ್ಳಿಯ ನೀರು. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ದಶಕದಲ್ಲಿ ಇದು ಸಣ್ಣ ಮಾತಲ್ಲ. ವಿರೋಧಿಗಳು ಈ ಪಟ್ಟಿಯನ್ನು ಅಲ್ಲಗಳೆಯಲಿಲ್ಲ; ಆದರೆ ಕೇಳುವವರಿಲ್ಲದ ದಿವಾನಗಿರಿ ಎಷ್ಟು ಕಾರ್ಖಾನೆ ಕಟ್ಟಿದರೇನು ಎಂದರು. ಅಷ್ಟರಲ್ಲಿ ವಿರೋಧದ ರೂಪವೂ ಬದಲಾಗಿತ್ತು. ಪ್ರಜಾಮಿತ್ರ ಮಂಡಳಿಯೂ ಬ್ರಾಹ್ಮಣೇತರರ ಇನ್ನೊಂದು ಪಕ್ಷವಾದ ಪ್ರಜಾಪಕ್ಷವೂ 1934ರಲ್ಲಿ ಒಂದಾಗಿ ಪ್ರಜಾ ಸಂಯುಕ್ತ ಪಕ್ಷವಾದವು, 1937ರಲ್ಲಿ ಕೆ.ಸಿ. ರೆಡ್ಡಿಯವರ ಮುಂದಾಳುತನದಲ್ಲಿ ಅದು ಕಾಂಗ್ರೆಸ್ಸಿನೊಳಗೆ ಸೇರಿಹೋಯಿತು. ಬ್ರಾಹ್ಮಣರ ಪಕ್ಷವೆಂದು ಬೈಸಿಕೊಳ್ಳುತ್ತಿದ್ದ ಕಾಂಗ್ರೆಸ್ಸಿಗೆ ಹಳ್ಳಿಯ ಬೇರು ಸಿಕ್ಕಿದ್ದು ಆಗ. ಮರುವರ್ಷ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು, ಹೆಣಗಳು ಬಿದ್ದವು. ವಲ್ಲಭಭಾಯಿ ಪಟೇಲರು ಬಂದು ದಿವಾನರೊಡನೆ ಒಪ್ಪಂದ ಮಾಡಿಸಬೇಕಾಯಿತು. ಸಕ್ಕರೆ ಕಾರ್ಖಾನೆಯ ಹೊಗೆಗೊಳವಿ ಎಷ್ಟೇ ಎತ್ತರವಿದ್ದರೂ ಆ ಹೆಣಗಳನ್ನು ಮರೆಮಾಡುವಂತಿರಲಿಲ್ಲ.

ಮಿರ್ಜಾ ಹೋಗುವ ಮುನ್ನ ಮಾಡಿದ ಕೊನೆಯ ದೊಡ್ಡ ಕೆಲಸ ಹಲಸೂರಿನ ಮೂಡಲಿಗೆ ಬಿತ್ತು. ವಿಮಾನ ಕಟ್ಟುವ ಹಂಬಲದಿಂದ ಊರೂರು ಸುತ್ತುತ್ತಿದ್ದ ವಾಲ್‌ಚಂದ್ ಹೀರಾಚಂದರಿಗೆ ಮೈಸೂರು ನೆಲ ಕೊಟ್ಟಿತು, ತನ್ನ ಪಾಲಿನ 25 ಲಕ್ಷ ರೂಪಾಯಿಯನ್ನೂ ಹೂಡಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಯುದ್ಧ ಹತ್ತಿರವಾದಂತೆ ಭಾರತ ಸರ್ಕಾರ ಪಾಲುಗಾರನಾಯಿತು, 1942ರಲ್ಲಿ ವಾಲ್‌ಚಂದರ ಪಾಲನ್ನೂ ಕೊಂಡುಕೊಂಡಿತು. ದಂಡಿನ ಗಲ್ಲಿಗಳಲ್ಲಿ ಬೆಳೆದ ಹುಡುಗರು ಕಾರ್ಖಾನೆಯ ಸೈರನ್ನಿಗೆ ಎದ್ದು ಸೈಕಲ್ಲೇರಿದರು.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮುಂಚೆ, ದಂಡು ಮೈಸೂರಿಗೆ ಮರಳಿತು. ಅದನ್ನು ತೆಗೆದುಕೊಂಡ ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮದರಾಸಿನ ಬ್ರಾಹ್ಮಣೇತರರ ಜಸ್ಟಿಸ್ ಪಕ್ಷದ ಹಳೆಯ ನಾಯಕರು, ಮನೆಮಾತು ತಮಿಳು. ಆ ಕುರ್ಚಿಯಲ್ಲಿ ಅವರಿಗೆ ನೆಮ್ಮದಿ ಸಿಗಲಿಲ್ಲ: ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ಶುರುವಾಯಿತು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. 1949ರ ಡಿಸೆಂಬರಿನಲ್ಲಿ ಎರಡು ಮುನಿಸಿಪಾಲಿಟಿಗಳು ಕೂಡಿ ಒಂದು ಕಾರ್ಪೊರೇಷನ್ ಆಯಿತು. ಕಬ್ಬನ್ ಪಾರ್ಕಿನ ಗಡಿ ಕಾಗದದ ಮೇಲೆ ಅಳಿಸಿತು.

ಪಾಲು ಯಾರಿಗೆ ಎಂಬ ಹಳೆಯ ಪ್ರಶ್ನೆ ಈಗ ಊರಿನ ಮೂಡಣಕ್ಕೆ ಸರಿಯಿತು. 1948ರಲ್ಲಿ ಕೆ.ಆರ್. ಪುರದ ಬಳಿ ಟೆಲಿಫೋನ್ ಕಾರ್ಖಾನೆ ಬಂತು, ದೂರವಾಣಿನಗರ ಎದ್ದಿತು. ವಿಮಾನ ಕಾರ್ಖಾನೆಯ ಎರಡನೇ ಹಂತ, ಮೂರನೇ ಹಂತ ಎಂದು ಬಡಾವಣೆಗಳು ಬೆಳೆದು ಇಂದಿರಾನಗರವಾಯಿತು. ನೆಲ ಕನ್ನಡನಾಡಿನದು, ಯಜಮಾನಿಕೆ ದಿಲ್ಲಿಯದು. ಒಳಗೆ ಕೆಲಸ ಯಾರಿಗೆ? ಹಿಂದೆ ಜಾತಿ ಹಿಡಿದು ಕೇಳಿದ ಪಾಲನ್ನು ಈಗ ಭಾಷೆ ಹಿಡಿದು ಕೇಳಲಾಯಿತು. 1980ರ ಡಿಸೆಂಬರಿನಿಂದ 77 ದಿನ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಆ ಸಾಲಿನಲ್ಲಿ ತಮಿಳರೂ ಮಲಯಾಳಿಗಳೂ ಕನ್ನಡಿಗರೂ ಭುಜಕ್ಕೆ ಭುಜ ಕೊಟ್ಟು ನಿಂತರು, ಕೈ ಬರಿದಾಗಿ ಮರಳಿದರು. 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿ. ಅದೇ ಕಾರ್ಖಾನೆಗಳ ಕನ್ನಡ ಸಂಘಗಳು ಬಾವುಟ ಹಿಡಿದು ನಟ ರಾಜಕುಮಾರರ ಮೆರವಣಿಗೆಗೆ ಬಂದವು. ಸಂಬಳದ ಹೋರಾಟ ಸೋತ ಜಾಗಕ್ಕೆ ನುಡಿಯ ಹೋರಾಟ ಬಂದಿತೆಂದು ಕೆಲವರು ಬರೆದಿದ್ದಾರೆ, ಅರ್ಧ ನಿಜ. ನುಡಿಯ ಹೋರಾಟದ ಒಳಗೂ ಸಂಬಳದ ಪ್ರಶ್ನೆ ಕೂತೇ ಇತ್ತು.

1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರ ಉದ್ಯೋಗದಲ್ಲಿ ಕನ್ನಡಿಗರ ಪಾಲನ್ನು ನಿಗದಿಮಾಡಲು ಸರೋಜಿನಿ ಮಹಿಷಿಯವರ ಸಮಿತಿ ನೇಮಿಸಿತು; ಅಂತಿಮ ವರದಿ 1986ರಲ್ಲಿ ಸಲ್ಲಿತು. ಕೇಂದ್ರದ ಕಾರ್ಖಾನೆಗಳಲ್ಲಿ ಯಾವ ದರ್ಜೆಯ ಕೆಲಸ ಎಷ್ಟು ಪಾಲು ಕನ್ನಡಿಗರಿಗೆ ಎಂದು ಸಮಿತಿ ಎಣಿಸುತ್ತಿದ್ದ ನಡುವೆಯೇ, 1985ರಲ್ಲಿ, ದಂಡಿನ ಮಿಲ್ಲರ್ಸ್ ರಸ್ತೆಯ ಒಂದು ಕಟ್ಟಡದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಬಾಡಿಗೆಗೆ ಬಂದಿತ್ತು. ಅದು ಉಪಗ್ರಹದ ಮೂಲಕ ಕೆಲಸವನ್ನು ಸಾಗರದಾಚೆಗೆ ಕಳಿಸುತ್ತಿತ್ತು, ಸಂಬಳವನ್ನು ಬೆಂಗಳೂರಿನಲ್ಲಿ ಕೊಡುತ್ತಿತ್ತು.