ಕೃತಕ ಕಾಲಿನ ಕೆಲಸಗಾರನೂ ರಾಜಾನುಜ್ಞೆಯೂ

ವೈದ್ಯನಾಗಬಯಸುವವನು ಶಾಸ್ತ್ರವನ್ನು ಓದಿದರೆ ಸಾಲದು, ಓದಿದ್ದರ ಅರ್ಥವನ್ನು ಮನನ ಮಾಡಿ, ಬಲ್ಲವರು ಮಾಡುವ ಕರ್ಮಗಳನ್ನು ಕಣ್ಣಾರೆ ಕಂಡು, ತನ್ನ ಕೈಯಿಂದಲೂ ಮಾಡಿ ಪಳಗಿ, ಆಮೇಲೆ ಅರಸನ ಅನುಜ್ಞೆಯನ್ನು ಪಡೆದು ಮಾತ್ರವೇ ವೃತ್ತಿಗೆ ಇಳಿಯತಕ್ಕದ್ದೆಂಬ ವಿಧಿಯು ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನವು ಮುರಿದ ಎಲುಬಿಗೆ ಅತ್ತಿ, ಅರಳಿ, ಮುತ್ತುಗ, ಬಿದಿರು ಮೊದಲಾದವುಗಳ ತೊಗಟೆ-ಸೀಳುಗಳನ್ನು ಆಧಾರವಾಗಿ ಕಟ್ಟುವ ಕ್ರಮವನ್ನೂ, ತೊಡೆ ಕಾಲುಗಳು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ ಗೂಟಗಳ ನಡುವೆ ಅಲುಗದಂತೆ ನಿಲ್ಲಿಸುವ ಕಪಾಟಶಯನವನ್ನೂ ವಿವರಿಸುತ್ತದೆ. ಅದಕ್ಕಿಂತ ಎಷ್ಟೋ ಹಿಂದೆ, ಯುದ್ಧದಲ್ಲಿ ಕಾಲನ್ನು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಕೊಟ್ಟರೆಂಬ ಪ್ರಸ್ತಾಪ ಋಗ್ವೇದದಲ್ಲಿ ಬರುತ್ತದೆ. ಅಂಗವನ್ನು ಕಟ್ಟಿಕೊಡುವ ವಿದ್ಯೆಯೂ, ಆ ವಿದ್ಯೆಗೆ ಯಾರು ಅರ್ಹರೆಂದು ನಿರ್ಣಯಿಸುವ ರಾಜಾಧಿಕಾರವೂ ನಮಗೆ ಹೊಸತಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕಾಗಿದೆ. ಏಕೆಂದರೆ ಪರವಾನಗಿಯೆಂಬುದು ಆಂಗ್ಲರ ಕಚೇರಿಯಿಂದಲೇ ಬಂದುದೆಂಬ ಭಾವನೆ ನಮ್ಮಲ್ಲಿ ಬಲವಾಗಿ ನೆಲೆನಿಂತಿದೆ.

ನಮ್ಮ ಭಾಗಕ್ಕೆ ಈ ವಿಚಾರ ಇನ್ನೂ ಹತ್ತಿರದ್ದು. ವಿಜಯಪುರದ ಸೀಮೆಯು ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನಷ್ಟೆ. ದಾಯಭಾಗದ ವಿಷಯಕ್ಕಾಗಿ ನ್ಯಾಯಾಲಯಗಳು ಶತಮಾನಗಳವರೆಗೆ ಮಗುಚಿದ ಈ ಗ್ರಂಥದ ಮೂಲಸ್ಮೃತಿಯಲ್ಲಿ, ವಿದ್ಯೆಯಿಲ್ಲದೆ ಚಿಕಿತ್ಸೆಗಿಳಿದ ಮಿಥ್ಯಾವೈದ್ಯನಿಗೆ ದಂಡವನ್ನು ಹೇಳಿದೆ: ಪಶುಗಳ ವಿಷಯದಲ್ಲಾದರೆ ಕನಿಷ್ಠ ದಂಡ, ಮನುಷ್ಯರ ವಿಷಯದಲ್ಲಿ ಮಧ್ಯಮ, ರಾಜಪುರುಷರ ವಿಷಯದಲ್ಲಿ ಉತ್ತಮ. ರಾಜಪುರುಷನ ದೇಹಕ್ಕೆ ಸಾಮಾನ್ಯನ ದೇಹಕ್ಕಿಂತ ಹೆಚ್ಚಿನ ಬೆಲೆಯನ್ನು ಕಟ್ಟಿದ ಈ ತಾರತಮ್ಯವನ್ನು ಇಂದು ನಾವು ಒಪ್ಪಲಾರೆವು. ಆದರೆ ರೋಗಿಯು ವೈದ್ಯನನ್ನು ಪರೀಕ್ಷಿಸಲಾರನು, ಆತನ ಪರವಾಗಿ ಆ ಪರೀಕ್ಷೆಯನ್ನು ಪ್ರಭುತ್ವವೇ ಮಾಡಬೇಕೆಂಬ ವಿವೇಕ ಅದರಲ್ಲಿ ಸ್ಪಷ್ಟವಾಗಿದೆ.

ಇದೇ ವಿಜಯಪುರ, ಆದಿಲಶಾಹಿಗಳ ಬಿಜಾಪುರ, ವೈದ್ಯರಿಗೆ ಆಶ್ರಯವಿತ್ತ ನಗರ. ಇತಿಹಾಸಕಾರನೆಂದು ಪ್ರಸಿದ್ಧನಾದ ಫರಿಶ್ತಾ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿದ್ದು, ವೈದ್ಯವಿಷಯದಲ್ಲಿಯೂ ಒಂದು ಗ್ರಂಥವನ್ನು ಬರೆದನು. ಅದೇ ಆಸ್ಥಾನದ ಫಿರಂಗಿ ಹಕೀಮನೊಬ್ಬನ ಬಗ್ಗೆ ಒಂದು ವೃತ್ತಾಂತ ಪ್ರಚಲಿತವಿದೆ: 1627ರಲ್ಲಿ ಸುಲ್ತಾನನು ಆತನ ಚಿಕಿತ್ಸೆ ಫಲಿಸದೆ ತೀರಿಕೊಂಡಾಗ ದರಬಾರದ ಪ್ರಬಲರು ಹಕೀಮನ ಮೂಗು ತುಟಿಗಳನ್ನು ಕೊಯ್ಯಿಸಿದರೆಂದೂ, ಆತನು ಮನೆಗೆ ಹೋಗಿ ತನ್ನ ಗುಲಾಮನೊಬ್ಬನ ಮೂಗು ತುಟಿಗಳನ್ನು ಕೊಯ್ದು ತನಗೆ ಅಂಟಿಸಿಕೊಂಡು ಮತ್ತೆ ವೃತ್ತಿಯನ್ನು ನಡೆಸಿದನೆಂದೂ ಹೇಳುತ್ತಾರೆ. ಒಬ್ಬನ ಮಾಂಸ ಇನ್ನೊಬ್ಬನಿಗೆ ಹಾಗೆ ಕೂಡುವುದಿಲ್ಲವೆಂದು ಶರೀರವನ್ನು ಬಲ್ಲವರೆಲ್ಲರೂ ತಿಳಿದಿರುವುದರಿಂದ ಕಥೆಯ ಉತ್ತರಾರ್ಧವನ್ನು ನಾನು ನಂಬುವುದಿಲ್ಲ. ಪೂರ್ವಾರ್ಧವನ್ನು ನಂಬುವುದು ಕಷ್ಟವಲ್ಲ. ವೃತ್ತಿಗೆ ಮೊದಲು ಪರೀಕ್ಷೆಯಿಲ್ಲದ ಕಡೆ ವೈದ್ಯನ ಯೋಗ್ಯತೆಯನ್ನು ಅಳೆಯುವವರು ಫಲ ಕೆಟ್ಟ ಮೇಲೆ ರೊಚ್ಚಿಗೆದ್ದವರೇ.

ಊರುಗಳಲ್ಲಿ ನಡೆದುಬಂದ ಕ್ರಮವೇ ಬೇರೆ. ಎಲುವು ಮುರಿದರೆ ಕೂಡಿಸುವ ಮನೆತನದವರ ಬಳಿಗೆ ಒಯ್ಯುವುದು, ಅವರು ಬೆರಳಿನಿಂದ ತಡವಿ ಮುರುಕನ್ನು ಗುರುತಿಸಿ, ಎಳೆದು ಸೇರಿಸಿ, ಬಿದಿರ ದಬ್ಬೆಗಳನ್ನಿಟ್ಟು ಬಟ್ಟೆ ಸುತ್ತುವುದು; ಕಾಲೇ ಹೋದವನಿಗೆ ಬಡಿಗೇರರು ಜಾಲಿಯ ಕವಲನ್ನು ಹೆರೆದು ಕಂಕುಳಿಗೆ ಕೋಲನ್ನು ಮಾಡಿಕೊಡುವುದು, ಸಮಗಾರರು ಅದರ ತುದಿಗೆ ತೊಗಲನ್ನು ಹೊಲಿಯುವುದು. ಇವರಾರಿಗೂ ಸನ್ನದು ಇರಲಿಲ್ಲ. ಊರಿನ ನೆನಪೇ ಅವರ ಸನ್ನದು. ಕೈಗುಣವಿದ್ದವನ ಹೆಸರು ಹತ್ತು ಹಳ್ಳಿಗಳಿಗೆ ಹಬ್ಬುತ್ತಿತ್ತು, ಕೆಡಿಸಿದವನ ಮನೆಯ ಮುಂದೆ ಚಕ್ಕಡಿ ನಿಲ್ಲುತ್ತಿರಲಿಲ್ಲ. ಈ ವ್ಯವಸ್ಥೆಯನ್ನು ಹಗುರವಾಗಿ ಕಾಣುವವರು ಅದರ ಹೊರತು ಬೇರೆ ಗತಿಯೇ ಇರದ ಕಾಲವನ್ನು ಮರೆತಿರುತ್ತಾರೆ. ಅದನ್ನು ಹೊಗಳಿ ಹಾಡುವವರು ಬಿಗಿದು ಕಟ್ಟಿದ ದಬ್ಬೆಯ ಕೆಳಗೆ ರಕ್ತ ನಿಂತು, ಬೆರಳು ಕಪ್ಪಾಗಿ, ಉಳಿಯಬಹುದಾಗಿದ್ದ ಕೈಯನ್ನು ಕೊನೆಗೆ ಕತ್ತರಿಸಬೇಕಾಗಿ ಬಂದ ಮಕ್ಕಳನ್ನು ಕಂಡಿರುವುದಿಲ್ಲ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು, ಒಂದೊಂದು ಮನೆತನದ ವಂಶಾವಳಿಯನ್ನು ಹೇಳುತ್ತ ಊರೂರು ತಿರುಗುವ ಹೆಳವರನ್ನು ಉತ್ತರ ಕರ್ನಾಟಕದಲ್ಲಿ ಯಾರು ತಾನೆ ಅರಿಯರು? ನಡೆಯಲಾರದವನಿಗೂ ಸಮಾಜದಲ್ಲಿ ಮಾನದ ಸ್ಥಾನವೊಂದಿರಬೇಕೆಂಬ ಭಾವ ಆ ಪದ್ಧತಿಯ ಹಿಂದೆ ಇದ್ದಿರಬೇಕೆಂದು ನನಗೆ ತೋರುತ್ತದೆ. ನಡೆಸುವ ಉಪಾಯವೊಂದೇ ಅದರಲ್ಲಿ ಇರಲಿಲ್ಲ.

ಬಿಜಾಪುರವು ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಆಧುನಿಕ ವೈದ್ಯರ ನೋಂದಣಿಗಾಗಿ 1912ರ ಕಾಯಿದೆಯೂ, ದೇಶೀಯ ಪದ್ಧತಿಗಳ ವೈದ್ಯ-ಹಕೀಮರನ್ನು ಸಹ ಪಟ್ಟಿಗೆ ತರುವ 1938ರ ಕಾಯಿದೆಯೂ ಬಂದುವು. ಕೃತಕ ಅವಯವವನ್ನು ಮಾಡುವವನಿಗೆ ಮಾತ್ರ ಪ್ರತ್ಯೇಕ ಪಟ್ಟಿಯಿರಲಿಲ್ಲ. ಅವನನ್ನು ಕಮ್ಮಟದ ಕೆಲಸಗಾರನೆಂದು ಎಣಿಸುತ್ತಿದ್ದರಲ್ಲದೆ ಚಿಕಿತ್ಸಕನೆಂದಲ್ಲ. ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ 1944ರಲ್ಲಿ ಪುಣೆಯಲ್ಲಿ ಸೈನ್ಯದ ಕೃತಕಾವಯವ ಕೇಂದ್ರವೂ, 1955ರಲ್ಲಿ ಮುಂಬಯಿಯಲ್ಲಿ ಅಂಗವಿಕಲರ ಪುನರ್ವಸತಿಯ ಅಖಿಲ ಭಾರತ ಸಂಸ್ಥೆಯೂ ಆರಂಭವಾದುವು. ಮರುವರ್ಷ ರಾಜ್ಯಗಳ ಪುನರ್ವಿಂಗಡಣೆಯಾಗಿ ಬಿಜಾಪುರವು ಮೈಸೂರು ರಾಜ್ಯಕ್ಕೆ ಸೇರಿತು. ಕಾಗದಪತ್ರಗಳು ಬೆಂಗಳೂರಿಗೆ ಹೋಗತೊಡಗಿದುವು, ರೋಗಿಗಳು ಎಂದಿನಂತೆ ಮೀರಜಕ್ಕೂ ಸೊಲ್ಲಾಪುರಕ್ಕೂ ಹೋಗುತ್ತಲೇ ಇದ್ದರು.

ಈ ವಿದ್ಯೆಯ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆಯುವುದು ಜಯಪುರದ ಪ್ರಕರಣ. ಅಲ್ಲಿನ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಿ. ಕೆ. ಸೇಠಿಯವರೂ, ಪ್ರಾಥಮಿಕ ಶಾಲೆಯಾಚೆಗೆ ಓದದ ಕುಶಲಕರ್ಮಿ ರಾಮಚಂದ್ರ ಶರ್ಮರೂ ಕೂಡಿ 1968ರ ಸುಮಾರಿಗೆ ರಬ್ಬರಿನ ಪಾದವೊಂದನ್ನು ರೂಪಿಸಿದರು. ಪಾಶ್ಚಾತ್ಯ ಮಾದರಿಯ ಗಟ್ಟಿ ಪಾದವು ಬೂಟಿಲ್ಲದೆ ನಿಲ್ಲದು, ನೆಲದಲ್ಲಿ ಕೂರಲು ಬಿಡದು, ಗದ್ದೆಯ ಕೆಸರಿಗೆ ಬಾಳದು. ಜಯಪುರದ ಪಾದ ಇವೆಲ್ಲಕ್ಕೂ ಒಗ್ಗಿತು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಮಂಡಿಯ ಕೆಳಗೆ ಕಾಲು ಹೋದವನಿಗೆ ಇಂಥ ಕಾಲನ್ನು ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದವರಿಗೆ ಪರವಾನಗಿಯ ಪ್ರಶ್ನೆ ತಾನಾಗಿಯೇ ತಿಳಿಯಾಗುತ್ತದೆ. ಮೊದಲು ಮೋಟುಗಾಲಿಗೆ ಪ್ಲಾಸ್ಟರಿನ ಒದ್ದೆ ಪಟ್ಟಿಯನ್ನು ಸುತ್ತಿ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಪ್ಲಾಸ್ಟರನ್ನು ಹೊಯ್ದು ಕಾಲಿನ ಪ್ರತಿರೂಪವನ್ನು ಪಡೆಯುತ್ತಾರೆ. ಆಮೇಲೆ ಅರ ಹಿಡಿದ ಕೈಗೆ ನಿಜವಾದ ಪರೀಕ್ಷೆ: ಮಂಡಿಚಿಪ್ಪಿನ ಕೆಳಗಣ ಸ್ನಾಯುರಜ್ಜು ಭಾರವನ್ನು ತಾಳಬಲ್ಲದಾದುದರಿಂದ ಅಲ್ಲಿ ಪ್ಲಾಸ್ಟರನ್ನು ಹೆರೆಯಬೇಕು, ಮಂಡಿಯ ಹೊರಬದಿಯಲ್ಲಿ ಸಣ್ಣೆಲುಬಿನ ತಲೆಯ ಬಳಿ ತೊಗಲಿನಡಿಯಲ್ಲಿಯೇ ಹಾಯುವ ನರವು ಒತ್ತನ್ನು ತಾಳಲಾರದಾದುದರಿಂದ ಅಲ್ಲಿ ಪ್ಲಾಸ್ಟರನ್ನು ಮೆತ್ತಿ ಎಡೆಬಿಡಬೇಕು. ಪ್ಲಾಸ್ಟಿಕ್ಕಿನ ಕೊಳವೆಯನ್ನು ಒಲೆಯಲ್ಲಿ ಕಾಯಿಸಿ, ಮೆತ್ತಗಾದುದನ್ನು ಆ ಪ್ರತಿರೂಪದ ಮೇಲೆ ಎಳೆದರೆ ಮೋಟುಗಾಲು ಕೂರುವ ಸಾಕೆಟ್ಟು ಸಿದ್ಧವಾಗುತ್ತದೆ. ಹೆರೆಯಬೇಕಾದಲ್ಲಿ ಮೆತ್ತಿದರೆ, ಮೆತ್ತಬೇಕಾದಲ್ಲಿ ಹೆರೆದರೆ, ಹೊರಗಿನಿಂದ ನೋಡುವವನಿಗೆ ಏನೂ ವ್ಯತ್ಯಾಸ ಕಾಣದು. ತೊಟ್ಟು ನಡೆದವನಿಗೆ ಹುಣ್ಣಾಗುತ್ತದೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡವನಿಗೆ ಆ ಹುಣ್ಣಿನ ಅರಿವೂ ಆಗದೆ ಕಾಲಿನ ಇನ್ನಷ್ಟು ಭಾಗ ಹೋಗುತ್ತದೆ.

ಆದುದರಿಂದ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. 1986ರಲ್ಲಿ ಸಂಘವಾಗಿ ನೋಂದಣಿಯಾದ ಈ ಪರಿಷತ್ತಿಗಾಗಿ 1992ರಲ್ಲಿ ಸಂಸತ್ತು ಕಾಯಿದೆಯನ್ನು ಮಾಡಿತು; 1993ರ ಜೂನ್ 22ರಂದು ಪರಿಷತ್ತು ಶಾಸನಬದ್ಧ ಸಂಸ್ಥೆಯಾಯಿತು. ಮಾನ್ಯತೆ ಪಡೆದ ಶಿಕ್ಷಣವನ್ನು ಮುಗಿಸಿದ ಪ್ರಾಸ್ಥೆಟಿಸ್ಟ್ (ಕೃತಕಾಂಗ ಮಾಡುವವರು), ಆರ್ಥೋಟಿಸ್ಟರ (ಅಂಗಕ್ಕೆ ಆಧಾರದ ಸಾಧನ ಮಾಡುವವರ) ಹೆಸರುಗಳು ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಸೇರುತ್ತವೆ. ಹೆಸರಿಲ್ಲದವನು ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆಮನೆ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಮೆರಿಕದಲ್ಲಿ ಕೆಲವು ರಾಜ್ಯಗಳು ಪರವಾನಗಿ ಕೊಟ್ಟು ಕೆಲವು ಕೊಡದೆ ಇರುವಾಗ, ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿಯಿರುವುದು ದೊಡ್ಡ ಅನುಕೂಲ.

ಆದರೂ ಒಂದು ಮಾತು ನನ್ನನ್ನು ಬಿಡದು. ಈ ಕಾಯಿದೆ 1968ರಲ್ಲಿಯೇ ಇದ್ದಿದ್ದರೆ ರಾಮಚಂದ್ರ ಶರ್ಮರ ಹೆಸರು ಯಾವ ಪಟ್ಟಿಯಲ್ಲಿರುತ್ತಿತ್ತು? ಸುಶ್ರುತನು ಓದನ್ನೂ ಕೈಯ ಅಭ್ಯಾಸವನ್ನೂ ಸಮನಾಗಿ ಕೇಳಿದನು. ನಾವು ಓದಿನ ಬಾಗಿಲಿನಿಂದ ಬಂದವನಿಗೆ ಕೈಯನ್ನು ಕಲಿಸುತ್ತೇವೆ, ಕೈಯ ಬಾಗಿಲಿನಿಂದ ಬರುವವನಿಗೆ ಓದನ್ನು ಕಲಿಸುವ ದಾರಿಯನ್ನು ಅಷ್ಟು ಅಗಲವಾಗಿ ತೆರೆದಿಲ್ಲ.

ವಿಜಯಪುರ ನಗರದಲ್ಲಿ 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜೂ, ಫ. ಗು. ಹಳಕಟ್ಟಿಯವರು 1910ರಲ್ಲಿ ನೆಟ್ಟ ಬಿ.ಎಲ್.ಡಿ.ಇ. ಸಂಸ್ಥೆಯಿಂದ 1986ರಲ್ಲಿ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜೂ ಆರಂಭವಾದ ಮೇಲೆ ಮುರಿದ ಎಲುಬಿಗಾಗಿ ಮೀರಜಕ್ಕೆ ಓಡುವ ಕಷ್ಟ ಬಹಳಮಟ್ಟಿಗೆ ತಪ್ಪಿದೆ. ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರಿನಂಥ ಧರ್ಮಸಂಸ್ಥೆಗಳು ಕಾಲನ್ನು ಕೊಡುತ್ತವೆ. 1994ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಈ ವಿದ್ಯೆಯನ್ನು ಕಲಿಸುತ್ತದೆ. ಅಥಣಿಯ ದಾರಿಯಲ್ಲಿರುವ ತಿಕೋಟಾ, ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರ ಎರಡೂ ಈಚೆಗೆ ತಾಲ್ಲೂಕುಗಳಾಗಿವೆ. ದ್ರಾಕ್ಷಿ, ಕಬ್ಬುಗಳ ಈ ಸೀಮೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈಕೊಟ್ಟವನೂ, ಟ್ರ್ಯಾಕ್ಟರಿನ ಕೆಳಗೆ ಸಿಕ್ಕವನೂ, ಸಕ್ಕರೆ ಕಾಯಿಲೆಯಿಂದ ಪಾದ ಕಳೆದುಕೊಂಡವನೂ ಕೃತಕ ಅಂಗವನ್ನು ಪಡೆಯುವುದು ಬಹುಮಟ್ಟಿಗೆ ಶಿಬಿರದಲ್ಲಿ. ಶಿಬಿರ ಮುಗಿದು, ಮೊದಲ ವರ್ಷದಲ್ಲಿ ಮೋಟುಗಾಲು ಸಹಜವಾಗಿಯೇ ಸೊರಗಿ ಸಾಕೆಟ್ಟು ಸಡಿಲಾದಾಗ, ಮಗು ಬೆಳೆದು ಕಾಲಿಗೆ ಆಧಾರವಾಗಿ ಕಟ್ಟಿದ ಕ್ಯಾಲಿಪರು ಗಿಡ್ಡದಾದಾಗ, ರಿಪೇರಿಗಾಗಿ ಮತ್ತೆ ದೂರದ ನಗರದ ಬಸ್ಸನ್ನೇ ಹತ್ತಬೇಕು. ಎಷ್ಟೋ ಮಂದಿ ಹತ್ತುವುದಿಲ್ಲ, ಕಾಲನ್ನು ಅಟ್ಟಕ್ಕೆ ಏರಿಸಿ ಕೋಲಿಗೆ ಹಿಂದಿರುಗುತ್ತಾರೆ. ಪಟ್ಟಿಯಲ್ಲಿ ಹೆಸರಿರುವ ತಜ್ಞನೊಬ್ಬನು ವಾರಕ್ಕೊಮ್ಮೆ, ಸಂತೆಯ ದಿನವೇ ಆಗಲಿ, ಅರ, ಪ್ಲಾಸ್ಟರು, ಕಾಯಿಸುವ ಒಲೆಗಳೊಂದಿಗೆ ತಿಕೋಟಾದಲ್ಲಿಯೂ ಬಬಲೇಶ್ವರದಲ್ಲಿಯೂ ಕೂರುವಂತೆ ಸರ್ಕಾರವು ಏರ್ಪಡಿಸಬೇಕು; ಅವನ ಪಕ್ಕದಲ್ಲಿ ಕುಳಿತು ಕಲಿಯಲು ಆ ಊರುಗಳ ಬಡಿಗೇರ, ಸಮಗಾರ ಮನೆಗಳ ಹುಡುಗ ಹುಡುಗಿಯರನ್ನು ಆರಿಸಿ, ಅವರ ಓದಿನ ಖರ್ಚನ್ನು ವಹಿಸಿ, ಪರೀಕ್ಷೆ ಮುಗಿದ ದಿನ ಅವರ ಹೆಸರನ್ನೂ ಅದೇ ರಿಜಿಸ್ಟರಿಗೆ ಏರಿಸಬೇಕು.