ಗೋಡೆ ಒಡೆಯದ ಕನ್ನ

ಮಳೆಗಾಲದಲ್ಲಿ ಕೊಣ್ಣೂರಿಗೆ ಹೋದವರು ಘಟಪ್ರಭೆಯ ಮೊರೆತವನ್ನು ಮರೆಯಲಾರರು. ಅಲ್ಲಿಗೆ ಸಮೀಪದಲ್ಲಿಯೇ ನದಿಯು ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತದೆ. ಅದೇ ಗೋಕಾವಿಯ ಜಲಪಾತ. ಹೋದವರೆಲ್ಲ ನೀರನ್ನು ನೋಡಿ, ತೂಗುಸೇತುವೆಯನ್ನು ಕಂಡು ಹಿಂದಿರುಗುತ್ತಾರೆ. ಆದರೆ ವಾಚಕರೇ, ಆ ಬಂಡೆಗಳ ಮಗ್ಗುಲಲ್ಲಿರುವ ಹತ್ತಿಯ ಗಿರಣಿಯ ಕಡೆಗೂ ತಾವು ಒಮ್ಮೆ ಕಣ್ಣು ಹೊರಳಿಸಬೇಕು. 1885ರಲ್ಲಿ ಅದರ ಕಂಪನಿ ಸ್ಥಾಪನೆಯಾಯಿತು. 1887ರಲ್ಲಿ ಇದೇ ಜಲಪಾತದ ಬಲದಿಂದ ಇಲ್ಲಿ ವಿದ್ಯುತ್ತು ಹುಟ್ಟಿತೆಂದು ಹೇಳಿಕೆಯುಂಟು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ ಎಂಬುದನ್ನು ನೆನೆದರೆ ಇದರ ಹಿರಿತನ ತಿಳಿಯುವದು.

ಇಂಥ ಸ್ಥಳದ ಕಾವಲು ಆಗ ಹೇಗಿದ್ದೀತು? ಶಕ್ತಿಯನ್ನು ಹುಟ್ಟಿಸುವ ಯಂತ್ರ, ಅದನ್ನು ಉಣ್ಣುವ ಗಿರಣಿ ಎರಡೂ ಒಂದೇ ಆವಾರದಲ್ಲಿ. ಗೋಡೆ, ಬಾಗಿಲು, ಬೀಗ, ಒಬ್ಬ ಕಾವಲುಗಾರ ಇದ್ದರೆ ಸಾಕು. ಕಾಯದೆಯೂ ಅದೇ ಬಗೆಯದು. 1885ರ ತಂತಿ ಕಾಯದೆ, 1910ರ ವಿದ್ಯುತ್ ಕಾಯದೆ ಇವೆರಡೂ ತಂತಿ ಕಡಿದ ಕೈಯನ್ನು, ಯಂತ್ರ ಕೆಡಿಸಿದ ಕೈಯನ್ನು ಹಿಡಿದು ಶಿಕ್ಷಿಸುತ್ತಿದ್ದವು. 1942ರ ಚಳವಳಿಯಲ್ಲಿ ನಮ್ಮ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ತಂತಿ ಕಡಿದವರನ್ನು ಸರಕಾರವು ಅಪರಾಧಿಗಳೆಂದಿತು, ಜನರು ದೇಶಭಕ್ತರೆಂದರು. ಆ ಮಾತು ಬೇರೆ. ಯಾರು ಏನೇ ಅನ್ನಲಿ, ಕಡಿದ ತಂತಿ ಬೆಳಗಾದರೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಕಡಿದವನು ಅದೇ ಸೀಮೆಯವನಾಗಿರುತ್ತಿದ್ದನು.

1969ರಲ್ಲಿ ನೆರೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಮೊಟ್ಟಮೊದಲು ತಲೆಯೆತ್ತಿದ ಇಂಥ ಐದು ಸಂಘಗಳಲ್ಲಿ ಅದೊಂದು. ಪತ್ತಿನ ಸಂಘದಂತೆ, ಹಾಲಿನ ಸಂಘದಂತೆ ಊರವರೇ ಸದಸ್ಯರಾಗಿ ವಿದ್ಯುತ್ತನ್ನು ಕೊಂಡು ಹಂಚಿಕೊಳ್ಳುವ ಏರ್ಪಾಡು. ಈ ಭಾಗದ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನುರಿಸಿ ವಿದ್ಯುತ್ತು ಮಾಡಿ ಮಾರುವದೂ ಮುಂದೆ ಬಂದಿತು. ಹೀಗೆ ಒಂದೇ ಆವಾರದಲ್ಲಿದ್ದದ್ದು ಹತ್ತು ಊರುಗಳಿಗೆ ಹರಡಿತು. ಹರಡಿದ್ದನ್ನು ಒಂದು ಕಡೆಯಿಂದ ಆಳಲು ಗಣಕಯಂತ್ರ ಬಂದಿತು. ದೂರದ ಕೋಣೆಯೊಂದರಲ್ಲಿ ಕುಳಿತವನು ಕಾಣದ ಊರಿನ ಸ್ವಿಚ್ಚನ್ನು ಹಾಕಬಲ್ಲ, ತೆಗೆಯಬಲ್ಲ. ಅವನು ಬಲ್ಲನೆಂದ ಮೇಲೆ ಅವನ ವೇಷದಲ್ಲಿ ಬಂದ ಮತ್ತೊಬ್ಬನೂ ಬಲ್ಲ.

ಕನ್ನವೆಂಬುದು ನಮ್ಮ ಭಾಷೆಯ ಹಳೆಯ ಮಾತು. ಕನ್ನಗಳ್ಳನು ಮಣ್ಣಿನ ಗೋಡೆಯನ್ನು ಕೊರೆದು ಒಳಗೆ ಬರುತ್ತಿದ್ದನು. ಮುಂಜಾನೆ ಎದ್ದ ಯಜಮಾನನಿಗೆ ಕಿಂಡಿಯಾದರೂ ಕಾಣುತ್ತಿತ್ತು. ಗಣಕಯಂತ್ರಕ್ಕೆ ಹಾಕಿದ ಕನ್ನಕ್ಕೆ ಕಿಂಡಿಯಿಲ್ಲ. ಕಳ್ಳನು ತಿಂಗಳುಗಟ್ಟಲೆ ಮನೆಯಲ್ಲಿಯೇ ಇದ್ದು ಯಜಮಾನನಿಗೆ ಗೊತ್ತಾಗದೆ ಹೋಗಬಹುದು.

ಕಾಯದೆಯು ಇದನ್ನು ತಡವಾಗಿಯಾದರೂ ಅರಿತಿತು. 2000ದ ಮಾಹಿತಿ ತಂತ್ರಜ್ಞಾನ ಕಾಯದೆಯಲ್ಲಿ ಸರಕಾರವು ಕೆಲವು ಗಣಕ ವ್ಯವಸ್ಥೆಗಳನ್ನು ‘ಸಂರಕ್ಷಿತ’ವೆಂದು ಸಾರಬಹುದು, ಅಪ್ಪಣೆಯಿಲ್ಲದೆ ಅವುಗಳೊಳಗೆ ಹೊಕ್ಕವನಿಗೆ 10 ವರ್ಷಗಳವರೆಗೆ ಸೆರೆ. 2008ರ ತಿದ್ದುಪಡಿಯ ಬಲದಿಂದ 2014ರಲ್ಲಿ ವಿದ್ಯುತ್ತು, ಸಾರಿಗೆ, ಬ್ಯಾಂಕುಗಳಂಥ ರಾಷ್ಟ್ರದ ಜೀವನಾಡಿಗಳನ್ನು ಕಾಯಲೆಂದೇ ಕೇಂದ್ರವೊಂದು ಏರ್ಪಟ್ಟಿತು. ಕಳ್ಳನು ಪರದೇಶದಲ್ಲಿದ್ದರೂ ಕಾಯದೆ ಅನ್ವಯಿಸುತ್ತದೆಂದು ಬರೆದಿದೆ. ಬರೆಯುವದು ಸುಲಭ, ಹಿಡಿದು ತರುವವರು ಯಾರು?

ಕಳ್ಳನು ಕೈಗೆ ಸಿಗದಿದ್ದಾಗ ಕಾಯದೆಯ ದೃಷ್ಟಿ ಮನೆಯ ಯಜಮಾನನ ಕಡೆಗೆ ತಿರುಗಿತು. ಇದು ನನಗೆ ಈ ಇತಿಹಾಸದಲ್ಲೆಲ್ಲ ಅತ್ಯಂತ ದೊಡ್ಡ ತಿರುವಾಗಿ ಕಾಣುತ್ತದೆ. 2019ರ ಅಕ್ಟೋಬರಿನಲ್ಲಿ ಕೂಡಂಕುಳಂ ಅಣು ವಿದ್ಯುತ್ ಕೇಂದ್ರದ ವಿಷಯವಾಗಿ ಸುದ್ದಿ ಹಬ್ಬಿದಾಗ ಕೇಂದ್ರದವರು ಮೊದಲು ಅಲ್ಲಗಳೆದರು. ಮರುದಿನವೇ ಅಣುಶಕ್ತಿ ನಿಗಮವು ಆಡಳಿತದ ಜಾಲದಲ್ಲಿದ್ದ ಒಂದು ಗಣಕದಲ್ಲಿ ಕುತಂತ್ರಾಂಶ ಸಿಕ್ಕಿದ್ದು ನಿಜ, ಸ್ಥಾವರವನ್ನು ನಡೆಸುವ ಯಂತ್ರಗಳಿಗೆ ಏನೂ ಆಗಿಲ್ಲ, ಅವು ಹೊರಗಿನ ಜಾಲಕ್ಕೆ ಸೇರಿಲ್ಲ ಎಂದು ಒಪ್ಪಿಕೊಂಡಿತು. ಸೆಪ್ಟೆಂಬರ 4ರಂದೇ ಅವರಿಗೆ ಸೂಚನೆ ಬಂದಿತ್ತು. ಹೊರಗಿನ ಜಾಲಕ್ಕೆ ಸೇರಿಲ್ಲವೆಂಬ ಸಮಾಧಾನವೂ ಪೂರ್ಣವಲ್ಲ; ಇರಾಣದ ನತಾಂಜಿನಲ್ಲಿ ಹಾಗೆ ಬೇರ್ಪಡಿಸಿಟ್ಟಿದ್ದ ಯಂತ್ರಗಳನ್ನೇ ಒಂದು ಕುತಂತ್ರಾಂಶ ಕೆಡಿಸಿದ್ದು 2010ರಲ್ಲಿ ಬಯಲಿಗೆ ಬಂದಿತ್ತು.

ಮನೆಗೆ ಕನ್ನ ಬಿದ್ದದ್ದನ್ನು ಹೇಳಲು ಯಾರಿಗಾದರೂ ನಾಚಿಕೆಯೇ. ಆದರೆ 2022ರ ಏಪ್ರಿಲ್ 28ರ ಆದೇಶದ ಮೇರೆಗೆ ಇಂಥದು ಕಂಡ 6 ಗಂಟೆಗಳೊಳಗಾಗಿ ಕೇಂದ್ರ ಸರಕಾರದ ‘ಸರ್ಟ್-ಇನ್’ ಸಂಸ್ಥೆಗೆ ತಿಳಿಸಬೇಕು. ಮುಚ್ಚಿಟ್ಟರೆ ಯಜಮಾನನಿಗೇ ದಂಡ, ಸೆರೆ ಆಗಬಹುದು. ಇದು ನ್ಯಾಯವೆಂದೇ ನನ್ನ ಮತ. ನೆರೆಯವನು ಹೇಳದಿದ್ದರೆ ನಮ್ಮ ಮನೆಯ ಅಗಳಿಯನ್ನು ನಾವು ಭದ್ರಪಡಿಸುವದೆಂತು? ಆದರೆ ದೊಡ್ಡ ನಿಗಮಕ್ಕೂ ಹೋಬಳಿಯ ಕಾರ್ಖಾನೆಗೂ ಅದೇ 6 ಗಂಟೆ. ರಾತ್ರಿಪಾಳಿಯಲ್ಲಿ ಒಬ್ಬನೇ ಇರುವ ಕಡೆ, ಯಂತ್ರ ತಾನಾಗಿ ಕೆಟ್ಟಿತೋ ಯಾರೋ ಕೆಡಿಸಿದರೋ ಎಂಬುದನ್ನು ತಿಳಿಯುವಷ್ಟರಲ್ಲಿಯೇ ಬೆಳಗಾಗುವದು. ಬೀಗ ಮಾಡಿ ಮಾರಿದವನ ಹೊಣೆಯೇನು ಎಂಬ ಪ್ರಶ್ನೆಯೂ ಇದೆ. ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡು ಇಟ್ಟು ಮಾರಿ ಕೈ ತೊಳೆದುಕೊಂಡರೆ? ಯುರೋಪಿನ ಒಕ್ಕೂಟವು 2024ರಲ್ಲಿ ಕಾಯದೆ ಮಾಡಿ ಆ ಹೊಣೆಯನ್ನು ತಯಾರಕರ ಹೆಗಲಿಗೂ ಹೊರಿಸಿತು.

2015ರ ಡಿಸೆಂಬರ 23ರಂದು ಯುಕ್ರೇನಿನಲ್ಲಿ ನಡೆದದ್ದನ್ನು ಹೇಳಲೇಬೇಕು. ಹುಕ್ಕೇರಿಯ ಸಂಘದಂತೆ ವಿದ್ಯುತ್ತು ಹಂಚುವ ಸಂಸ್ಥೆಗಳು ಅವು, ಮೂರು. ಕೆಲಸದಲ್ಲಿದ್ದವರು ನೋಡುನೋಡುತ್ತಿದ್ದಂತೆ ಗಣಕದ ಪರದೆಯ ಮೇಲಿನ ಬಾಣವು ತಾನೇ ಓಡಾಡತೊಡಗಿ, ಒಂದೊಂದೇ ಉಪಕೇಂದ್ರದ ಸ್ವಿಚ್ಚು ತೆಗೆಯುತ್ತ ಹೋಯಿತು. ಸುಮಾರು 2,25,000 ಗ್ರಾಹಕರು ಚಳಿಗಾಲದ ಕತ್ತಲಲ್ಲಿ ಕುಳಿತರು. ದೂರು ಹೇಳಲು ಫೋನು ಮಾಡಿದರೆ ಹುಸಿ ಕರೆಗಳ ಹಾವಳಿಯಿಂದ ಆ ತಂತಿಯೂ ಕಟ್ಟಿಹೋಗಿತ್ತು. ಕೊನೆಗೆ ಕೆಲಸಗಾರರು ಗಾಡಿ ಹತ್ತಿ ಉಪಕೇಂದ್ರಗಳಿಗೆ ಹೋಗಿ, ಹಳೆಯ ಪದ್ಧತಿಯಂತೆ ಕೈಯಿಂದಲೇ ಸ್ವಿಚ್ಚು ಹಾಕಿದರು. ಕೆಲವು ಗಂಟೆಗಳಲ್ಲಿ ದೀಪ ಬಂದವು. ಗಣಕಗಳು ಮಾತ್ರ ಬೇಗ ಸುಧಾರಿಸಲಿಲ್ಲ. ಎರಡು ತಿಂಗಳು ಕಳೆದರೂ ಆ ಜನರು ಕೈಯಿಂದಲೇ ಕೆಲಸ ನಡೆಸುತ್ತಿದ್ದರು.