ಪುಟ್ಟೇನಹಳ್ಳಿ ಕೆರೆ: ನೀರಿನ ಮೂಲ, ದಡದ ಇಳಿಜಾರು, ಹಕ್ಕಿಗಳ ನೆಲೆ

ದಕ್ಷಿಣ ಬೆಂಗಳೂರಿನ ಬನಶಂಕರಿ, ಜಯನಗರ, ಜೆ.ಪಿ. ನಗರದ ಸುತ್ತ ಇಂದು ವಾಯುವಿಹಾರಕ್ಕೂ ಹಕ್ಕಿ ವೀಕ್ಷಣೆಗೂ ಒದಗುತ್ತಿರುವ ಕೆರೆಗಳು ತಾವಾಗಿ ಮೂಡಿದವಲ್ಲ. ಸುಮಾರು 900 ಮೀಟರ್ ಎತ್ತರದ, ದೊಡ್ಡ ನದಿಯಿಲ್ಲದ ಈ ದಿಣ್ಣೆಯ ಮೇಲೆ ಹಳ್ಳಗಳಿಗೆ ಏರಿ ಹಾಕಿ, ತೂಬು ಕೋಡಿಗಳನ್ನಿಟ್ಟು ಬೇಸಾಯಕ್ಕೆಂದು ಮಳೆನೀರು ನಿಲ್ಲಿಸಿದರು. ಅಚ್ಚುಕಟ್ಟು ಬಡಾವಣೆಯಾದ ಮೇಲೆ ಇವು ಯಾವ ನೀರಿನಿಂದ ಬದುಕಿವೆ, ಆ ನೀರು ಯಾವ ಜೀವಿಗಳಿಗೆ ನೆಲೆ ಕೊಡುತ್ತಿದೆ ಎಂಬುದನ್ನು ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯ ಮೂಲಕ ಇಲ್ಲಿ ಪರಿಶೀಲಿಸಿದೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಬೇರೆ.

ಸುಮಾರು 13 ಎಕರೆಯ ಈ ಕೆರೆ ಒತ್ತುವರಿ, ಕಸ, ಹೂಳಿನಿಂದ ಸೊರಗಿತ್ತು. 2010ರಲ್ಲಿ ನೆರೆಹೊರೆಯ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡರು. 2011ರಲ್ಲಿ ನಿರ್ವಹಣೆಗಾಗಿ ಆಗಿನ ನಗರಪಾಲಿಕೆಯಾದ ಬಿಬಿಎಂಪಿಯೊಂದಿಗೆ ಒಪ್ಪಂದವಾಯಿತು. ಆದರೆ ಹೂಳೆತ್ತಿದ ಮಾತ್ರಕ್ಕೆ ಕೆರೆ ತುಂಬಲಿಲ್ಲ. ಜಲಾನಯನ ಪ್ರದೇಶ ಕಟ್ಟಡಗಳಿಂದ ಮುಚ್ಚಿಹೋಗಿತ್ತು. ಮಳೆನೀರಿನ ಚರಂಡಿಗಳನ್ನು ಕೆರೆಗೆ ತಿರುಗಿಸಬೇಕಾಯಿತು. ಮುಂದೆ ಸಮೀಪದ ವಸತಿ ಸಮುಚ್ಚಯದ ಸಂಸ್ಕರಿಸಿದ ತ್ಯಾಜ್ಯನೀರೂ ಸೇರಿತು.

ಸಂಸ್ಕರಿಸಿದ ನೀರು ಬೇಸಿಗೆಯಲ್ಲೂ ಮಟ್ಟ ಕಾಯುತ್ತದೆ. ಆದರೆ ಅದರಲ್ಲಿ ಉಳಿದ ಸಾರಜನಕ, ರಂಜಕ ಪಾಚಿಯನ್ನು ಬೆಳೆಸುತ್ತವೆ. ಪಾಚಿ ಹೆಚ್ಚಿದರೆ ರಾತ್ರಿ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಜೊಂಡು, ಆಪುಗಳು ಈ ಪೋಷಕಾಂಶಗಳನ್ನು ಹೀರಿಕೊಳ್ಳುತ್ತವೆ.

ಅದೇ ಜೊಂಡು ಹಕ್ಕಿಗಳ ಮನೆ. ನೇರಳೆ ಜಂಬುಕೋಳಿ ಜೊಂಡಿನ ದಂಟನ್ನು ಕಿತ್ತು, ಕಾಲಿನಲ್ಲಿ ಹಿಡಿದು, ಒಳಗಿನ ಮೆದು ತಿರುಳನ್ನು ತಿನ್ನುತ್ತದೆ. ಗುಳುಮುಳುಕ ಜಲಸಸ್ಯಗಳಿಗೆ ಆನಿಸಿ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಡುವಾಗ ಮೊಟ್ಟೆಗಳ ಮೇಲೆ ಒದ್ದೆ ಸೊಪ್ಪು ಎಳೆದು ಮರೆಮಾಡುತ್ತದೆ. ಮುಳುಗಿ ಬೇಟೆಯಾಡಲು ಅದಕ್ಕೆ ತೆರೆದ ನೀರು ಬೇಕು. ಕೊಳದ ಬಕಕ್ಕೆ ಕಾಲೂರುವಷ್ಟೇ ಆಳದ ಅಂಚು ಬೇಕು.

ಕೆರೆಯನ್ನು ಬೋಗುಣಿಯಂತೆ ಅಗೆದು, ಕಡಿದಾದ ದಡಕ್ಕೆ ಕಲ್ಲು ಹಾಸಿ ನಡಿಗೆಪಥ ಮಾಡಿದಲ್ಲಿ ಜೊಂಡೂ ಇಲ್ಲ, ಆಳವಿಲ್ಲದ ಅಂಚೂ ಇಲ್ಲ. ಆಗ ಅದು ನಡೆಯುವವರಿಗೆ ಮಾತ್ರ ಉಳಿಯುತ್ತದೆ. ಒಂದು ಪಾರ್ಶ್ವದ ದಡವನ್ನಾದರೂ ಇಳಿಜಾರಾಗಿ, ಜನಸಂಚಾರವಿಲ್ಲದೆ ಬಿಡುವುದು ಪುನಶ್ಚೇತನದ ಮೊದಲ ಷರತ್ತಾಗಬೇಕು. ಹಕ್ಕಿಗಳ ಎಣಿಕೆಯ ಜೊತೆಗೇ ನೀರಿನ ಮಟ್ಟವನ್ನೂ ಮುಂಜಾವಿನ ಆಮ್ಲಜನಕವನ್ನೂ ತಿಂಗಳಿಗೊಮ್ಮೆ ದಾಖಲಿಸಿದರೆ, ಯಾವ ನೀರು ಯಾವ ಹಕ್ಕಿಯನ್ನು ಉಳಿಸುತ್ತದೆಂಬುದನ್ನು ದಕ್ಷಿಣ ಬೆಂಗಳೂರಿನ ಉಳಿದ ಕೆರೆಗಳಿಗೂ ಆಧಾರಸಹಿತವಾಗಿ ಹೇಳಬಹುದು.